ಮನೆಯ ಅಂಗಳಕ್ಕೆ ಬಣ್ಣದೆಲೆಯ ಗಿಡಗಳು

ಪ್ರತಿ ವರ್ಷವೂ ಶಾಲೆ ತೆರೆಯುವ ದಿನಗಳಲ್ಲಿ, ನಮ್ಮ ಕೊಠಡಿಯ ಮುಂದೆ ಕಾದು ಕುಳಿತಿರುವ ತಾಯಂದಿರ ದೃಷ್ಟಿಯು ಮೊದಲು ಬೀಳುವುದು ಕೈಸಾಲೆಯ ಅಂಚಿನಲ್ಲಿಟ್ಟಿರುವ ಕ್ರೋಟನ್ ಕುಂಡಗಳ ಮೇಲೆ. ಮಗಳ ಓದಿನ ಮಾತು ಮುಗಿದೊಡನೆ, "ಮೇಡಂ, ಇದೇ ಗಿಡವನ್ನು ನಾವೂ ಕೊಂಡು ತಂದೆವು. ಅಂಗಡಿಯಲ್ಲಿ ಕೆಂಪಗಿತ್ತು, ನಮ್ಮ ಮನೆಗೆ ಬಂದ ಮೇಲೆ ಹಸುರಾಗಿಬಿಟ್ಟಿತು. ಏಕೆ?" ಎಂದು ಕೇಳುವವರು ಹಲವರು. ಬಾಗಿಲಲ್ಲಿ ನಿಂತು ಎರಡು ಮಾತಿನ ಉತ್ತರ ಹೇಳಿ ಕಳುಹಿಸಿದ ಮೇಲೆ ನಮ್ಮ ಮನಸ್ಸಿಗೆ ಎಂದೂ ತೃಪ್ತಿಯಾದದ್ದಿಲ್ಲ. ಈ ನೆನಪಿನ ಸಂಚಿಕೆಗೆ ನಾವೊಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕಿಯರು ಕೇಳಿಕೊಂಡದ್ದರಿಂದ, ಆ ಉತ್ತರವನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತೇವೆ.

ಮೊದಲು ನಿತ್ಯಹಸುರು ಎಂಬ ಮಾತಿನ ಅರ್ಥವನ್ನು ತಿಳಿದುಕೊಳ್ಳೋಣ. ಇಂಥ ಗಿಡಗಳ ಎಲೆ ಎಂದಿಗೂ ಉದುರುವುದಿಲ್ಲವೆಂದು ಹಲವರ ಭಾವನೆ. ಹಾಗಲ್ಲ. ಹಳೆಯ ಎಲೆ ಉದುರಿಯೇ ಉದುರುತ್ತದೆ. ಆದರೆ ಎಲ್ಲವೂ ಒಂದೇ ಕಾಲಕ್ಕೆ ಬೀಳದೆ, ಕೆಳಗಿನವು ಉದುರುವಷ್ಟರಲ್ಲಿ ತುದಿಯಲ್ಲಿ ಹೊಸವು ಮೂಡಿರುತ್ತವೆ. ಆದುದರಿಂದ ಗಿಡವು ಎಂದೂ ಬೋಳಾಗದು. ಶೀತದೇಶಗಳಲ್ಲಿ ಚಳಿಗಾಲವು ತೋಟವನ್ನೆಲ್ಲ ಬರಿದುಮಾಡುವುದರಿಂದ, ಅಲ್ಲಿಯವರು ಆ ಚಳಿಯನ್ನು ತಾಳುವ ಹಾಲಿ, ಬಾಕ್ಸ್, ಹೆದರ್ ಮುಂತಾದ ಗಿಡಗಳನ್ನು ಆರಿಸಿ ನೆಡುತ್ತಾರೆ. ನಮ್ಮ ಊರಿನ ಕಷ್ಟವೇ ಬೇರೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಹಿಮದ ಭಯವಿಲ್ಲ. ಆದರೆ ಜನವರಿಯಿಂದ ಏಪ್ರಿಲ್ ನಡುವಿನವರೆಗೆ ಬೀಳುವ ಮಳೆ ಅತ್ಯಲ್ಪ. ಚಳಿಯನ್ನು ಗೆದ್ದ ಗಿಡ ನಮ್ಮ ಒಣಹವೆಯನ್ನೂ ಗೆಲ್ಲುವುದೆಂದು ಹೇಳಲಾಗದು. ಆದುದರಿಂದ ಪರದೇಶದ ಪುಸ್ತಕಗಳ ಪಟ್ಟಿಯನ್ನು ಬದಿಗಿಟ್ಟು, ಉಷ್ಣದೇಶಗಳ ಪೊದೆಗಿಡಗಳಲ್ಲಿಯೇ ನಾವು ಆರಿಸಿಕೊಳ್ಳತಕ್ಕದ್ದು.

ಬೆಂಗಳೂರಿನ ದಂಡಿಗೆ ಇಂಥ ಗಿಡಗಳು ಹೊಸವೇನೂ ಅಲ್ಲ. 1809ರಲ್ಲಿ ದಂಡು ನೆಲೆಗೊಂಡ ಮೇಲೆ ಇತ್ತಕಡೆ ಎದ್ದ ಬಂಗಲೆಗಳಲ್ಲಿಯೂ, ಅನಂತರ ಬೆಳೆದ ಫ್ರೇಸರ್ ಟೌನ್, ಕಾಕ್ಸ್ ಟೌನ್‌ಗಳ ಮನೆಗಳಲ್ಲಿಯೂ, ಜಗುಲಿಯ ಮೆಟ್ಟಿಲುಗಳ ಇಕ್ಕೆಲದಲ್ಲಿ ಕಾವಿ ಬಳಿದ ಕುಂಡಗಳ ಸಾಲನ್ನು ಹಿರಿಯರು ಕಂಡಿರುವರು. ಅಂಥ ವಿಶಾಲವಾದ ಅಂಗಳಗಳು ಈಗ ಕೆಲವೇ ಉಳಿದಿವೆ. ಹೆಣ್ಣೂರು, ಬಾಣಸವಾಡಿಗಳ ನಡುವೆ ಬೆಳೆದ ನಮ್ಮ ಕಲ್ಯಾಣ ನಗರದಲ್ಲಿ ಮೂವತ್ತು ನಲವತ್ತರ ನಿವೇಶನದಲ್ಲಿ ಮೂರು ಅಂತಸ್ತಿನ ಮನೆ ಎದ್ದರೆ, ಗಿಡಕ್ಕೆ ಉಳಿಯುವುದು ಕಾಂಪೌಂಡಿನ ಗೋಡೆಯುದ್ದಕ್ಕೂ ಎರಡಡಿಯ ಒಂದು ಪಾತಿ, ಇಲ್ಲವೆ ಬಾಲ್ಕನಿಯಲ್ಲಿ ನಾಲ್ಕು ಕುಂಡ. 1908ರಲ್ಲಿ ಲಾಲ್‌ಬಾಗಿಗೆ ಬಂದ ಕ್ರುಂಬಿಗಲ್ ಅವರು, ಒಂದು ಜಾತಿಯ ಮರ ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಅರಳುವಂತೆ ನೆಡಿಸಿ, ಬೆಂಗಳೂರಿಗೆ ವರ್ಷವೆಲ್ಲ ಬಣ್ಣ ತರುವ ಮಾರ್ಗವನ್ನು ತೋರಿಸಿದರು. ಎರಡಡಿಯ ಪಾತಿಯಲ್ಲಿ ಅಂಥ ಸರದಿಗೆ ಸ್ಥಳವೆಲ್ಲಿದೆ? ಬಣ್ಣವು ಎಲೆಯಲ್ಲಿಯೇ ಇದ್ದರೆ ಮಾತ್ರ ನಮಗೆ ವರ್ಷವೆಲ್ಲ ಸಿಕ್ಕೀತು.

ಆದರೆ ಗಿಡವನ್ನು ಅದರ ಬಣ್ಣ ನೋಡಿ ಕೊಳ್ಳಬಾರದೆಂಬುದೇ ಈ ಲೇಖನದ ಮುಖ್ಯವಾದ ಮಾತು. ಕೊಳ್ಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು: ಅದನ್ನಿಡುವ ಸ್ಥಳದಲ್ಲಿ ಬೆಳಕೆಷ್ಟು? ಬೇಸಗೆಯಲ್ಲಿ ಅದಕ್ಕೆ ನೀರೆಲ್ಲಿಂದ? ಅದು ಯಾರ ಕೈಗೆ ಎಟಕುವುದು? ಈ ಮೂರಕ್ಕೂ ಉತ್ತರ ದೊರೆತ ಮೇಲೆ ಅಂದಚೆಂದದ ವಿಚಾರ.

ಮೊದಲನೆಯದು ಬೆಳಕು. ಎಲೆಯಲ್ಲಿ ಆಹಾರವನ್ನು ತಯಾರಿಸುವ ಹಸುರುಬಣ್ಣದೊಡನೆ ಹಳದಿ, ಕಿತ್ತಳೆಯ ವರ್ಣದ್ರವ್ಯಗಳೂ, ಕೆಲವು ಜಾತಿಗಳಲ್ಲಿ ಕೆಂಪು ನೇರಿಳೆಯ ವರ್ಣದ್ರವ್ಯಗಳೂ ಇರುತ್ತವೆ. ಕ್ರೋಟನ್ನಿನಂಥ ಗಿಡದಲ್ಲಿ ಬಿಸಿಲು ಚೆನ್ನಾಗಿದ್ದರೆ ಕೆಂಪು ಹಳದಿಗಳು ಮೇಲುಗೈಯಾಗುತ್ತವೆ. ನೆರಳಿಗೆ ತಂದಿಟ್ಟರೆ, ಇರುವ ಅಲ್ಪ ಬೆಳಕನ್ನು ಹಿಡಿದುಕೊಳ್ಳಲು ಗಿಡವು ಹಸುರನ್ನೇ ಹೆಚ್ಚಿಸಿಕೊಳ್ಳುವುದು. ನಮ್ಮನ್ನು ಕೇಳಿದ ತಾಯಿಯ ಗಿಡಕ್ಕೆ ರೋಗವೇನೂ ಬಂದಿರಲಿಲ್ಲ. ಕತ್ತಲೆಯ ಮೂಲೆಯಲ್ಲಿ ಬದುಕುವ ಉಪಾಯವನ್ನು ಅದು ಮಾಡಿಕೊಂಡಿತ್ತು, ಅಷ್ಟೆ. ಇದಕ್ಕೆ ವಿರುದ್ಧವಾಗಿ, ಬಿಳಿಯ ಪಟ್ಟೆಗಳುಳ್ಳ ಎಲೆಗಳಲ್ಲಿ ಆ ಬಿಳಿಯ ಭಾಗಕ್ಕೆ ಹಸುರಿನ ಆಸರೆಯಿಲ್ಲದ್ದರಿಂದ ಅದು ಮಧ್ಯಾಹ್ನದ ಬಿಸಿಲಿಗೆ ಸುಟ್ಟು ಕಂದಾಗುತ್ತದೆ. ಅಂಥ ಗಿಡಗಳು ನಿಧಾನವಾಗಿ ಬೆಳೆಯುವುದೂ ಇದೇ ಕಾರಣದಿಂದ. ಅವುಗಳಲ್ಲಿ ಒಮ್ಮೊಮ್ಮೆ ಪೂರ್ತಿ ಹಸುರಾದ ಒಂದು ಕೊಂಬೆ ಚಿಗುರುವುದುಂಟು. ಅದನ್ನು ಬುಡದವರೆಗೆ ಕತ್ತರಿಸಿ ತೆಗೆಯತಕ್ಕದ್ದು. ಬಿಟ್ಟರೆ ಆ ಬಲವಾದ ಕೊಂಬೆಯೇ ಗಿಡವನ್ನೆಲ್ಲ ಆವರಿಸಿಬಿಡುವುದು.

ಬೆಳಕನ್ನು ಅಳೆಯುವಾಗ ದಿಕ್ಕನ್ನೂ ನೋಡಬೇಕು. ಪೂರ್ವದ ಗೋಡೆಗೆ ಬೀಳುವ ಬೆಳಗಿನ ಬಿಸಿಲು ಬಹುಮಟ್ಟಿಗೆ ಎಲ್ಲ ಗಿಡಗಳಿಗೂ ಹಿತ. ಪಶ್ಚಿಮದ್ದು ಕಠಿಣ, ಗೋಡೆಯ ಕಾವೂ ಅದರೊಡನೆ ಸೇರುತ್ತದೆ. ಉತ್ತರ ದಕ್ಷಿಣಗಳ ವಿಷಯದಲ್ಲಿ ಹಲವರು ಮೋಸಹೋಗುವರು. ಬೆಂಗಳೂರು ಉತ್ತರ ಅಕ್ಷಾಂಶ 13 ಡಿಗ್ರಿಯ ಬಳಿ ಇರುವುದರಿಂದ, ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯನು ನಮ್ಮ ತಲೆಗಿಂತ ತುಸು ಉತ್ತರಕ್ಕೆ ಇರುತ್ತಾನೆ. ಮಿಕ್ಕ ಎಂಟು ತಿಂಗಳು ದಕ್ಷಿಣಕ್ಕೆ. ಡಿಸೆಂಬರಿನಲ್ಲಿ ನೆರಳೆಂದು ನಂಬಿ ಉತ್ತರದ ಬಾಲ್ಕನಿಯಲ್ಲಿಟ್ಟ ಗಿಡಕ್ಕೆ ಮೇ ತಿಂಗಳಲ್ಲಿ ಬಿಸಿಲು ತಗಲಿ ಎಲೆ ಸುಡುವುದು ಇದರಿಂದಲೇ. ಕುಂಡವಾದರೆ ಎತ್ತಿಡಬಹುದು, ಪಾತಿಯ ಗಿಡಕ್ಕೆ ಕಾಲಿಲ್ಲ. ಆದುದರಿಂದ ಪಾತಿಯಲ್ಲಿ ನೆಡುವ ಮೊದಲು ಆ ಸ್ಥಳವನ್ನು ವರ್ಷದ ಎರಡು ಕಾಲಗಳಲ್ಲಿಯಾದರೂ ನೋಡಿಕೊಳ್ಳುವುದು ಲೇಸು.

ದಿನಕ್ಕೆ ನಾಲ್ಕೈದು ತಾಸು ಬಿಸಿಲು ಬೀಳುವ ಸ್ಥಳಕ್ಕೆ ಮೊದಲು ಹೇಳತಕ್ಕದ್ದು ಕ್ರೋಟನ್. ಮಲಯ ದ್ವೀಪಸ್ತೋಮವೂ ಪಶ್ಚಿಮ ಪೆಸಿಫಿಕ್ ದ್ವೀಪಗಳೂ ಇದರ ತವರು. ಅಗಲ ಎಲೆಯದು, ಕಿರಿದೆಲೆಯದು, ತಿರುಚಿದ ಎಲೆಯದು, ಚುಕ್ಕೆಯದು ಎಂದು ಇದರಲ್ಲಿ ನೂರಾರು ಬಗೆಗಳಿವೆ. ಹೆಸರೊಂದೇ ಆದರೂ ಇದು ಸಸ್ಯಶಾಸ್ತ್ರಜ್ಞರ ನಿಜವಾದ ಕ್ರೋಟನ್ ಅಲ್ಲ. ನಮ್ಮ ಹಿರಿಯರು ಉಗ್ರವಾದ ಭೇದಿಯ ಮದ್ದೆಂದು ಅರಿತಿದ್ದ ಜಾಪಾಳವೇ ಆ ಪಂಗಡದ್ದು. ಎರಡನೆಯದು ಅಕಾಲಿಫ. ತಾಮ್ರದ ಕೆಂಪು, ಕಂಚಿನ ಹಸುರು ಬೆರೆತ ಅದರ ದೊಡ್ಡ ಎಲೆ ಗೋಡೆಯ ಬಿಳುಪನ್ನು ಬೇಗನೆ ಮರೆಮಾಡುತ್ತದೆ. ಆದರೆ ಅದು ಆಳೆತ್ತರ ಬೆಳೆಯುವುದರಿಂದ ಗಿಡದಿಂದ ಗಿಡಕ್ಕೆ ಮೂರು ನಾಲ್ಕು ಅಡಿ ಅಂತರವಿರಬೇಕು. ಮೂರನೆಯದು ರಸ್ತೆಗಳ ನಡುವಣ ಪಟ್ಟಿಯಲ್ಲಿ ತಾವೆಲ್ಲರೂ ಕಂಡಿರುವ ಹೊಂಬಣ್ಣದ ಡುರಾಂಟ. ಒಂದೂವರೆ ಅಡಿಗೊಂದರಂತೆ ನೆಟ್ಟು ಮೇಲಿಂದ ಮೇಲೆ ಕತ್ತರಿಸುತ್ತಿದ್ದರೆ ಪಾತಿಯ ಮುಂಭಾಗಕ್ಕೆ ಚಿನ್ನದ ಅಂಚಿನಂತೆ ಕಾಣುವುದು. ಇವುಗಳೊಡನೆ ನಮ್ಮ ನಾಡಿನದೇ ಆದ ಕೇಪಳವನ್ನು ಮರೆಯಲಾಗದು. ಅದರ ಎಲೆ ಬರಿಯ ಹಸುರಾದರೂ ಹೊಳಪುಳ್ಳದ್ದು. ಕೆಂಪು ಗೊಂಚಲುಗಳು ವರ್ಷದಲ್ಲಿ ಹಲವು ಸಲ ಬರುತ್ತವೆ. ಚಿಟ್ಟೆಗಳಿಗೆ ಅದರ ಜೇನು ಬಹಳ ಪ್ರಿಯ. ಕೊಳವೆಬಾವಿಯ ಗಡಸುನೀರನ್ನೇ ಹಾಕುವ ಮನೆಗಳಲ್ಲಿ ಕೇಪಳದ ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸುರಾಗಿ ಉಳಿಯುವುದುಂಟು. ನೀರಿನ ಸುಣ್ಣದಂಶದಿಂದ ಮಣ್ಣು ಕ್ಷಾರವಾಗಿ, ಕಬ್ಬಿಣದ ಅಂಶ ಬೇರಿಗೆ ದಕ್ಕದಿರುವುದೇ ಇದರ ಕಾರಣ. ಎಲೆಗೊಬ್ಬರವನ್ನು ಧಾರಾಳವಾಗಿ ಹಾಕಿ, ಮಳೆಯ ನೀರನ್ನು ಹಿಡಿದು ಎರೆದರೆ ಗಿಡವು ಸುಧಾರಿಸುವುದು.

ನೆರಳು ಬೆಳಕು ಬೆರೆತ ಕೈಸಾಲೆಗೂ ಬಾಲ್ಕನಿಗೂ ಬೇರೆ ಗಿಡಗಳಿವೆ. ಗುಲಾಬಿ ಕೆಂಪಿನ ಕಾರ್ಡಿಲೈನ್, ಬಿಳಿಯ ಅಂಚಿನ ಅರೇಲಿಯ, ನೇರಿಳೆಯೆಲೆಯ ಎರಾಂತಿಮಂ, ಹಳದಿ ನರಗಳ ಸ್ಯಾಂಕೇಸಿಯ ಇವೆಲ್ಲ ಸೋಸಿದ ಬೆಳಕಿನಲ್ಲಿಯೇ ಚೆನ್ನಾಗಿರುತ್ತವೆ. ಸಾಂಗ್ ಆಫ್ ಇಂಡಿಯ ಎಂಬ ಹೆಸರಿನಿಂದ ಮಾರುವ, ಹಳದಿ ಅಂಚಿನ ಡ್ರಸೀನವೂ ಇದೇ ಗುಂಪಿನದು. ಹೆಸರು ಇಂಡಿಯದ್ದಾದರೂ ಅದರ ತವರು ಮಡಗಾಸ್ಕರ್ ಮುಂತಾದ ಹಿಂದೂ ಮಹಾಸಾಗರದ ದ್ವೀಪಗಳು. ನೀರು ಕೊಡುವುದು ಒಂದೆರಡು ದಿನ ತಪ್ಪಿದರೂ ಅದು ಕ್ಷಮಿಸುತ್ತದೆ; ಹೊಸದಾಗಿ ಗಿಡ ಸಾಕುವವರಿಗೆ ನಾವು ಮೊದಲು ಹೇಳುವುದು ಇದನ್ನೇ.

ಎರಡನೆಯ ಪ್ರಶ್ನೆ ನೀರಿನದು. ಇದನ್ನು ನಾವು ಕಲಿತದ್ದು ಪೆಟ್ಟು ತಿಂದು. 2023ರಲ್ಲಿ ಮಳೆ ಕೈಕೊಟ್ಟು, ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದುವು. ಮುಂದಿನ ಬೇಸಗೆಯಲ್ಲಿ ಬೆಂಗಳೂರಿನ ಅನೇಕ ಕೊಳವೆಬಾವಿಗಳು ಬತ್ತಿದುವು. 2024ರ ಮಾರ್ಚ್ ತಿಂಗಳಲ್ಲಿ ಜಲಮಂಡಳಿಯು, ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಕೂಡದೆಂದೂ, ಮೀರಿದವರಿಗೆ 5,000 ರೂಪಾಯಿ ದಂಡವೆಂದೂ ಆಜ್ಞೆ ಹೊರಡಿಸಿತು. ಅಲ್ಲಿಯವರೆಗೆ ನಮ್ಮ ಶಾಲೆಯ ಮುಂದಿನ ಪಾತಿಯಲ್ಲಿ ಪ್ರತಿ ವರ್ಷವೂ ಪೆಟೂನಿಯ, ಫ್ಲಾಕ್ಸ್ ಮುಂತಾದ ಹೂಗಿಡಗಳನ್ನು ಬೆಳೆಸುತ್ತಿದ್ದೆವು. ಮಕ್ಕಳ ಕುಡಿಯುವ ನೀರಿಗೇ ಟ್ಯಾಂಕರನ್ನು ಕಾಯುತ್ತಿರುವಾಗ ಹೂವಿಗೆ ನೀರೆರೆಯುವುದು ನ್ಯಾಯವೂ ಆಗಿರಲಿಲ್ಲ. ಹತ್ತು ದಿನಗಳಲ್ಲಿ ಆ ಪಾತಿಯೆಲ್ಲ ಒಣಹುಲ್ಲಾಯಿತು. ಅದರ ಹಿಂದಿದ್ದ ಕ್ರೋಟನ್ ಗಿಡಗಳು ಕೆಳಗಿನ ಎಲೆಗಳನ್ನು ಉದುರಿಸಿದುವಾದರೂ ಜೀವ ಬಿಡಲಿಲ್ಲ. ಅಕಾಲಿಫವು ಹಗಲು ಬಾಡಿ ರಾತ್ರಿ ಚೇತರಿಸಿಕೊಳ್ಳುತ್ತಿತ್ತು. ತರಕಾರಿ ಅಕ್ಕಿ ತೊಳೆದ ನೀರೇ ಅವುಗಳ ಪಾಲಿಗೆ ಬಂದದ್ದು.

ಗೇಟಿನ ಬಳಿಯ ಬಂದರಿಕೆಯ ಬೇಲಿಗಾದರೋ ಬರ ಬಂದದ್ದೇ ತಿಳಿಯಲಿಲ್ಲ. ಬೆಂಗಳೂರಿನ ಸುತ್ತಣ ಕಲ್ಲುಗುಡ್ಡಗಳಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆಯುವ ಈ ಪೊದೆಗೆ ಬಡವರ ಗಿಡವೆಂಬ ಉದಾಸೀನವುಂಟು. ಅದರ ತೆಳುವಾದ ರೆಕ್ಕೆಯಂಥ ಕಾಯಿಗಳು ಕೆಂಪೇರಿದಾಗ ಒಮ್ಮೆ ಲಕ್ಷ್ಯವಿಟ್ಟು ನೋಡಿರಿ. ಬಯಲುಸೀಮೆಯ ತಂಗಡಿಯೂ ಹೀಗೆಯೇ: ಬಿಸಿಲೆಷ್ಟಿದ್ದರೂ ಹಳದಿ ಹೂಗಳನ್ನು ಬಿಡುವುದು. ಅಡಿಗೆಮನೆಯ ಬಾಗಿಲಲ್ಲಿ ಒಂದು ಕರಿಬೇವನ್ನಿಟ್ಟರೆ ಒಗ್ಗರಣೆಗೂ ಆಯಿತು, ಅದರ ಎಲೆಯನ್ನೇ ತಿಂದು ಬೆಳೆಯುವ ಚಿಟ್ಟೆಯ ಮರಿಗಳಿಗೂ ಆಯಿತು. ದ್ವೀಪಾಂತರದ ಗಿಡಗಳಿಂದ ಬಣ್ಣವನ್ನು ಪಡೆಯೋಣ. ಆದರೆ ಪಾತಿಯ ಮೂರರಲ್ಲೊಂದು ಭಾಗವನ್ನಾದರೂ ಈ ನೆಲದ ಗಿಡಗಳಿಗೆ ಬಿಡೋಣ. ಬರಗಾಲದಲ್ಲಿ ಅಂಗಳವನ್ನು ಕಾಯುವುದು ಅವೇ.

ಮೂರನೆಯ ಪ್ರಶ್ನೆಯನ್ನು ಬರೆಯಲು ನಮಗೆ ಈಗಲೂ ಸಂಕೋಚ. ಕೆಲವು ವರ್ಷಗಳ ಹಿಂದೆ ನಾವೇ ಆಸೆಪಟ್ಟು, ಕೈಸಾಲೆಯ ನೆರಳಿಗೆ ಡಿಫೆನ್‌ಬೇಕಿಯ ಎಂಬ ಬಿಳಿ ಮಚ್ಚೆಯ ಎಲೆಯ ಗಿಡಗಳನ್ನು ತಂದಿಟ್ಟಿದ್ದೆವು. ಪೋಷಕರ ದಿನದಂದು ಅಕ್ಕನೊಡನೆ ಬಂದಿದ್ದ ನಾಲ್ಕು ವರ್ಷದ ಮಗುವೊಂದು ಅದರ ಎಲೆಯನ್ನು ಹರಿದು ಬಾಯಿಗಿಟ್ಟುಕೊಂಡಿತು. ಕ್ಷಣದಲ್ಲಿ ನಾಲಗೆ ತುಟಿಗಳು ಊದಿಕೊಂಡುವು. ಅಳಲೂ ಆಗದೆ ಮಗು ಜೊಲ್ಲು ಸುರಿಸುತ್ತ ನಿಂತಿತು. ಆ ಗಿಡದ ರಸದಲ್ಲಿ ಸೂಜಿಯಂಥ ಸೂಕ್ಷ್ಮ ಹರಳುಗಳಿದ್ದು ಅವು ಬಾಯಿಯ ಒಳಪೊರೆಗೆ ಚುಚ್ಚಿಕೊಳ್ಳುತ್ತವೆಂದು ವೈದ್ಯರು ಆಮೇಲೆ ತಿಳಿಸಿದರು. ಸಂಜೆಯ ಹೊತ್ತಿಗೆ ಮಗು ಚೇತರಿಸಿಕೊಂಡಿತು. ಆ ತಾಯಿ ನಮ್ಮನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನಮಗೆ ಸಮಾಧಾನವಾಗುತ್ತಿತ್ತು. ಮರುದಿನವೇ ಆ ಕುಂಡಗಳನ್ನು ತೆಗೆಸಿದೆವು. ಅಂದಿನಿಂದ, ಹೆಸರೂ ಗುಣವೂ ತಿಳಿಯದ ಯಾವ ಗಿಡವನ್ನೂ ಶಾಲೆಯ ಗೇಟಿನೊಳಕ್ಕೆ ತರುವುದಿಲ್ಲವೆಂಬ ನಿಯಮವನ್ನು ಮಾಡಿಕೊಂಡಿದ್ದೇವೆ.

ಆದುದರಿಂದ ತಾಯಿತಂದೆಗಳು ದಯವಿಟ್ಟು ಇದನ್ನು ನೆನಪಿನಲ್ಲಿಡಬೇಕು. ಕಣಗಿಲೆಯ ಎಲೆ, ಹೂ, ಕೊಂಬೆ ಎಲ್ಲವೂ ಹೃದಯಕ್ಕೆ ತಗಲುವ ಕಡುವಿಷ. ಹಳದಿ ಕಣಗಿಲೆಯ ಬೀಜವಂತೂ ಪ್ರಾಣಾಂತಕ. ಅವು ನಿತ್ಯಹಸುರಿನ ಚೆಲುವಾದ ಗಿಡಗಳೇ ಆದರೂ ಚಿಕ್ಕ ಮಕ್ಕಳಿರುವ ಮನೆಗೆ ಬೇಡ. ಡುರಾಂಟವನ್ನು ಕತ್ತರಿಸದೆ ಬಿಟ್ಟರೆ ಹೊಂಬಣ್ಣದ ಹಣ್ಣಿನ ಗೊಂಚಲು ಬಿಡುವುದು. ಮಕ್ಕಳ ಕಣ್ಣಿಗೆ ಅದು ತಿನಿಸಿನಂತೆ ಕಾಣುವುದು, ಆದರೆ ಅದೂ ವಿಷವೇ. ಕ್ರೋಟನ್ನಿನ ರಸವು ಕೆಲವರ ಚರ್ಮಕ್ಕೆ ಉರಿ ತರುತ್ತದೆ, ಬಟ್ಟೆಗೆ ಕಲೆ ಮಾಡುತ್ತದೆ. ಕತ್ತರಿಸಿದ ಮೇಲೆ ಕೈ ತೊಳೆದರೆ ಸಾಕು. ಕೇಪಳ, ಕರಿಬೇವು, ದಾಸವಾಳಗಳ ವಿಷಯದಲ್ಲಿ ಇಂಥ ಅಂಜಿಕೆಯಿಲ್ಲ. ಮಗುವೇನಾದರೂ ಎಲೆಯನ್ನು ಅಗಿದರೆ, ಬಾಯಲ್ಲಿರುವುದನ್ನು ತೆಗೆದು, ನೀರಿನಿಂದ ತೊಳೆದು, ವಾಂತಿ ಮಾಡಿಸಲು ಯತ್ನಿಸದೆ, ಆ ಗಿಡದ ಒಂದು ರೆಂಬೆಯೊಡನೆ ಕೂಡಲೇ ವೈದ್ಯರ ಬಳಿಗೆ ಹೋಗತಕ್ಕದ್ದು.

ನೆರೆಹೊರೆಗೆ ಕೇಡಾಗುವ ಗಿಡವೂ ಒಂದುಂಟು, ಅದೇ ಲಂಟಾನ. ಸದಾ ಹಸುರು, ಸದಾ ಹೂ, ನೀರು ಬೇಡ ಎಂದು ಕೇಳಿ ಹಲವರು ಮರುಳಾಗುವರು. 19ನೆಯ ಶತಮಾನದ ಆದಿಯಲ್ಲಿ ಅಲಂಕಾರಕ್ಕೆಂದು ಅಮೆರಿಕ ಖಂಡದಿಂದ ತಂದ ಈ ಗಿಡ, ಹಕ್ಕಿಗಳಿಂದ ಬೀಜ ಹರಡಿ, ಈಗ ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಕಾಡುಗಳನ್ನು ಮುಸುಕಿದೆ. ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಗಳಿಂದ ಕುರ್ಚಿ ಮೇಜುಗಳನ್ನು ಹೆಣೆಯಲು ಕಲಿತು, ಕೇಡಿನಲ್ಲಿಯೂ ಒಂದು ಪ್ರಯೋಜನವನ್ನು ಕಂಡುಕೊಂಡಿರುವರು. ಆದರೂ ಅದನ್ನು ನಮ್ಮ ಪಾತಿಗೆ ತರದಿರುವುದೇ ಮೇಲು.

ಇನ್ನು ಜೋಡಿಸುವ ಕ್ರಮ. ಗೋಡೆಯ ಕಡೆಗೆ ಎತ್ತರದವು, ನಡುವೆ ಮಧ್ಯಮದವು, ದಾರಿಯ ಅಂಚಿಗೆ ಗಿಡ್ಡವು ಎಂಬುದು ಎಲ್ಲರೂ ಬಲ್ಲದ್ದು. ಅಂಗಡಿಯಲ್ಲಿ ಕಂಡ ಬಣ್ಣಗಳನ್ನೆಲ್ಲ ಒಂದೊಂದು ತಂದು ನೆಡುವುದು ಸಾಮಾನ್ಯವಾದ ತಪ್ಪು. ರಂಗೋಲಿಯಲ್ಲಿ ಎಲ್ಲ ಪುಡಿಗಳನ್ನೂ ಎಲ್ಲ ಕಡೆಯೂ ತುಂಬುವುದುಂಟೆ? ಒಂದೇ ಬಗೆಯನ್ನು ಮೂರೋ ಐದೋ ಗುಂಪಾಗಿ ನೆಟ್ಟು, ಎರಡು ಬಣ್ಣಗಳ ನಡುವೆ ಬರಿಯ ಹಸುರಿನ ಕೇಪಳವನ್ನೋ ನಂದಿಬಟ್ಟಲನ್ನೋ ಇಟ್ಟರೆ, ಕೆಂಪು ಕೆಂಪಾಗಿ ಕಾಣುವುದು, ಕಣ್ಣಿಗೂ ವಿಶ್ರಾಂತಿ ದೊರೆಯುವುದು.

ಕುಂಡಗಳಿಗೆ ಹತ್ತು ಹನ್ನೆರಡು ಅಂಗುಲದವು ಸಾಕು. ಬೆನ್ಸನ್ ಟೌನಿನ ಬಳಿಯ ಪಾಟರಿ ಟೌನಿನ ಕುಂಬಾರರ ಮಣ್ಣಿನ ಕುಂಡಗಳಲ್ಲಿ ಬೇರಿಗೆ ಗಾಳಿಯಾಡುತ್ತದೆ, ಆದರೆ ನೀರು ಬೇಗ ಆರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಆರುವುದು ನಿಧಾನ, ಕೊಳೆಯುವ ಭಯ ಹೆಚ್ಚು. ತಳದ ರಂಧ್ರದ ಮೇಲೆ ಒಂದು ಓಡಿನ ಚೂರನ್ನಿಟ್ಟು, ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ಮರಳನ್ನು ಬೆರೆಸಿ ತುಂಬಿರಿ. ನೀರು ತುಂಬಿದ ಹನ್ನೆರಡು ಅಂಗುಲದ ಕುಂಡವು ಸುಮಾರು 20 ಕಿಲೋ ತೂಗುವುದರಿಂದ, ಬಾಲ್ಕನಿಯಲ್ಲಿ ಇಡುವವರು ಮಣ್ಣಿನ ಭಾಗವನ್ನು ಕಡಿಮೆಮಾಡಿ ತೆಂಗಿನ ನಾರಿನ ಪುಡಿಯನ್ನು ಸೇರಿಸಿಕೊಳ್ಳಬಹುದು. ಬೆರಳನ್ನು ಒಂದಂಗುಲ ಮಣ್ಣಿನೊಳಕ್ಕೆ ಇಳಿಸಿ, ಒಣಗಿದ್ದರೆ ಮಾತ್ರ ನೀರೆರೆಯಿರಿ. ಬಿಳಿಯ ಹಿಟ್ಟು ತಿಗಣೆ ಕಂಡರೆ ಸಾಬೂನಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ, ಬೇವಿನ ಎಣ್ಣೆಯನ್ನು ನೀರಿನಲ್ಲಿ ಕದಡಿ ಸಿಂಪಡಿಸಬಹುದು.

ಕುಂಡದ ಕೆಳಗಿಡುವ ತಟ್ಟೆಯ ವಿಷಯದಲ್ಲಿ ಅಲಕ್ಷ್ಯ ಕೂಡದು. 2024ರಲ್ಲಿ ಕರ್ನಾಟಕ ಸರ್ಕಾರವು ಡೆಂಗೀ ಜ್ವರವನ್ನು ಸಾಂಕ್ರಾಮಿಕವೆಂದು ಘೋಷಿಸಿದ್ದು ತಮಗೆ ನೆನಪಿರಬಹುದು. ಆ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನಗಳು ಬೇಕು. ವಾರಕ್ಕೆರಡು ಸಲ ತಟ್ಟೆಯ ನೀರನ್ನು ಚೆಲ್ಲಿ ಉಜ್ಜಿ ತೊಳೆದರೆ ಸಂತತಿ ಅಲ್ಲಿಗೇ ನಿಲ್ಲುವುದು. ನಮ್ಮ ಶಾಲೆಯಲ್ಲಿ ಸೋಮವಾರ, ಗುರುವಾರಗಳಂದು ಇದು ಎಂಟನೆಯ ತರಗತಿಯ ಹುಡುಗಿಯರ ಕೆಲಸ.

ಗಿಡಗಳನ್ನು ಕೊಳ್ಳಲು ಲಾಲ್‌ಬಾಗಿನ ನರ್ಸರಿ, ಸಿದ್ದಾಪುರದ ನರ್ಸರಿಗಳು ಇದ್ದೇ ಇವೆ. ಆದರೆ ಎಲ್ಲವನ್ನೂ ಕೊಳ್ಳಬೇಕಾಗಿಲ್ಲ. ಜೂನ್ ಜುಲೈ ತಿಂಗಳ ಮಳೆಯಲ್ಲಿ ಅಕಾಲಿಫ, ಡುರಾಂಟ, ಎರಾಂತಿಮಂಗಳ ಒಂದು ಗೇಣಿನ ಕಡ್ಡಿಗಳನ್ನು ನೆಟ್ಟರೆ ಚಿಗುರುತ್ತವೆ. ಕ್ರೋಟನ್ನಿಗೆ ಗೂಟಿ ಕಟ್ಟುವುದು ಉತ್ತಮ. ಪೆನ್ಸಿಲಿನ ದಪ್ಪದ ಕೊಂಬೆಯಲ್ಲಿ ಒಂದಂಗುಲದಷ್ಟು ತೊಗಟೆಯನ್ನು ಬಳೆಯಂತೆ ಸುತ್ತಲೂ ತೆಗೆದು, ಒದ್ದೆಮಾಡಿ ಹಿಂಡಿದ ಪಾಚಿಯನ್ನೋ ನಾರಿನ ಪುಡಿಯನ್ನೋ ಅಲ್ಲಿ ಮೆತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಸುತ್ತಿ ಎರಡು ತುದಿಗಳನ್ನೂ ಬಿಗಿಯಾಗಿ ಕಟ್ಟಬೇಕು. ಒಂದೆರಡು ತಿಂಗಳಲ್ಲಿ ಹಾಳೆಯೊಳಗೆ ಬಿಳಿಯ ಬೇರುಗಳು ಕಾಣುತ್ತವೆ. ಆಗ ಕೆಳಗೆ ಕತ್ತರಿಸಿ ಕುಂಡಕ್ಕೆ ನೆಡುವುದು. ತಾಯಿಗಿಡದ ಬಣ್ಣವೇ ಮರಿಗೂ ಬರುವುದು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ಇದೇ ಕೈಗಳಿಂದ ಈ ಅಂಗಳದಲ್ಲಿ ಗೂಟಿ ಕಟ್ಟಿದವರು. ಅವರು ಕಟ್ಟಿದ ಕೆಲವು ಗಿಡಗಳು ಈಗಲೂ ಕೈಸಾಲೆಯಲ್ಲಿವೆ. ಶಾಲೆಯ ದಿನಾಚರಣೆಗೆ ವೇದಿಕೆಯ ಅಂಚಿನಲ್ಲಿ ಸಾಲಾಗಿ ನಿಲ್ಲುವುದು ಅವೇ. ಮಳೆಗಾಲದಲ್ಲಿ ಯಾವ ಶನಿವಾರವಾದರೂ ಬನ್ನಿರಿ. ನಿಮ್ಮ ಬಾಲ್ಕನಿ ಯಾವ ದಿಕ್ಕಿಗಿದೆ, ಮನೆಯಲ್ಲಿ ಮಕ್ಕಳೆಷ್ಟು ವಯಸ್ಸಿನವರು ಎಂಬುದನ್ನು ಮೊದಲು ಕೇಳುವೆವು. ಆಮೇಲೆ ತಕ್ಕ ಗಿಡವೊಂದರ ಕಡ್ಡಿಯನ್ನು ಕೈಗಿತ್ತು ಕಳುಹಿಸುವೆವು. ಒಂದು ಕುಂಡವನ್ನು ಮಾತ್ರ ನೀವೇ ತರಬೇಕು.